ಜಾಂಗೊ ರೈನ್‌ಹಾರ್ಟ್: ಎರಡು ಬೆರಳಿನ ಕಥೆ ಬಿಟ್ಟು ಬೇರೆ ಏನಾದರೂ ಮಾತಾಡೋಣ್ವಾ?

ಹಳೇರೆಕಾರ್ಡ್:

ಜಾಂಗೊ ರೈನ್‌ಹಾರ್ಟ್ ಹೆಸರು ಎತ್ತಿದರೆ ಸಾಕು, ಎದುರಿಗಿದ್ದವರು ಏನು ಕೇಳುತ್ತಾರೆ ಅಂತ ನನಗೆ ಗೊತ್ತು. 'ಬೆಂಕಿಯಲ್ಲಿ ಕೈ ಸುಟ್ಟುಕೊಂಡು ಎರಡೇ ಬೆರಳಲ್ಲಿ ಗಿಟಾರ್ ನುಡಿಸಿದವನು ಅಲ್ವಾ?' ಹೌದು, ಅವನೇ. ಮಾತು ಅಲ್ಲಿಗೆ ಮುಗಿಯುತ್ತದೆ. 1928ರಲ್ಲಿ ಬೆಂಕಿ, 1934ರಲ್ಲಿ ಕ್ವಿಂಟೆಟ್ ಅಂತ ಐದು ಜನರ ಜಾಝ್ ಮೇಳ, 1937ರಲ್ಲಿ 'ಮೈನರ್ ಸ್ವಿಂಗ್' ರೆಕಾರ್ಡ್, ಶುಭಂ. ಆಮೇಲೆ ಹದಿನಾರು ವರ್ಷ ಬದುಕಿದ್ದನಲ್ಲ, ಆಗ ಏನು ಮಾಡಿದ ಅಂತ ಯಾರೂ ಕೇಳುವುದಿಲ್ಲ.

ಹೋದ ವಾರ ಅವನ ಕೊನೆಯ ರೆಕಾರ್ಡಿಂಗ್ ಮತ್ತೆ ಕೇಳುತ್ತಾ ಕೂತಿದ್ದೆ. 1953ರ ಏಪ್ರಿಲ್ 8, ಪ್ಯಾರಿಸ್. ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್. ಪಿಯಾನೋದಲ್ಲಿ 25 ವರ್ಷದ ಹುಡುಗ ಮಾರ್ಷಿಯಲ್ ಸೊಲಾಲ್, ಅವನಿಗೆ ಅದೇ ಮೊದಲ ರೆಕಾರ್ಡಿಂಗ್. ಬೇಸ್ ಪಿಯೆರ್ ಮಿಶ್ಲೊ, ಡ್ರಮ್ಸ್ ಪಿಯೆರ್ ಲೆಮಾರ್ಶಾಂ, ಲೋಹದ ಪಟ್ಟಿ ಬಡಿದು ನುಡಿಸುವ ವೈಬ್ರಫೋನ್ ಸಾದಿ. 'ಮೈನರ್ ಸ್ವಿಂಗ್' ನುಡಿಸಿದವನೇ ಇವನು ಅಂತ ಹೇಳದಿದ್ದರೆ ಗೊತ್ತಾಗುವುದಿಲ್ಲ. ಸ್ವರ ಕಡಿಮೆ, ಖಾಲಿ ಜಾಗ ಜಾಸ್ತಿ. ಅದಾಗಿ 38 ದಿನಕ್ಕೆ ಜಾಂಗೊ ಹೋಗಿಬಿಟ್ಟ. ವಯಸ್ಸು 43.

ನನ್ನ ತಕರಾರು ಇಷ್ಟೇ. ಬೆಂಕಿಯ ಕಥೆ ಚೆನ್ನಾಗಿದೆ, ಅದೇ ತೊಂದರೆ. ಅದು ಎಷ್ಟು ಚೆನ್ನಾಗಿದೆ ಅಂದರೆ ಆ ಮನುಷ್ಯ 43 ವರ್ಷದಲ್ಲಿ ನಾಲ್ಕು ಸಲ ತನ್ನ ಸಂಗೀತವನ್ನೇ ಬದಲಾಯಿಸಿಕೊಂಡ ಅನ್ನೋದು ಅದರ ಹಿಂದೆ ಮುಚ್ಚಿಹೋಗಿದೆ. ನಿಮಗೇನು ಅನ್ನಿಸುತ್ತದೆ?

ಗಡಿಬಿಡಿ:

ಸರ್, ನಾನು ಆ ಎರಡು ಬೆರಳಿನ ಗುಂಪಿನವನೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದಕ್ಕೆ ಕಾರಣವೂ ಇದೆ. ಎರಡು ವಾರದ ಹಿಂದೆ ಎಳನೀರು ಕೆತ್ತುವಾಗ ಮಚ್ಚು ಜಾರಿ ಎಡಗೈ ಉಂಗುರ ಬೆರಳಿಗೆ ಬಿತ್ತು. ಮೂರು ಹೊಲಿಗೆ. ಗಿಟಾರ್ ಕಲಿಯೋಕೆ ಶುರು ಮಾಡಿ ಎಂಟು ತಿಂಗಳಾಗಿದೆ ಅಷ್ಟೆ. ಜಾಂಗೊ ಮಾಡಿದ್ದಾನೆ, ನಾನ್ಯಾಕೆ ಮಾಡಬಾರದು ಅಂತ ಉಳಿದ ಬೆರಳಲ್ಲೇ ಪ್ರಯತ್ನ ಮಾಡಿದೆ. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ಹಿಡಿಯುವುದು, ಒಂದು ಸಿ ಕಾರ್ಡ್ ಕೂಡ ಕೂರಲಿಲ್ಲ. ಅವನು ಕಾರ್ಡ್ ಹಿಡಿಯುತ್ತಿದ್ದದ್ದಾದರೂ ಹೇಗೆ? ಸುಟ್ಟ ಬೆರಳು ಪೂರ್ತಿ ಸತ್ತುಹೋಗಿತ್ತಾ?

ತಂತಿಮೀಟು:

ಇಲ್ಲ, ಪೂರ್ತಿ ಸತ್ತಿರಲಿಲ್ಲ. ಇಲ್ಲಿ ಬಹಳ ಜನ ತಪ್ಪು ತಿಳಿದುಕೊಳ್ಳುತ್ತಾರೆ.

ಅವನಿಗೆ ಆಗ 18 ವರ್ಷ. ಪ್ಯಾರಿಸ್ ಅಂಚಿನ ಸೆಂತ್ ಊಆಂನಲ್ಲಿ ಅವರ ಬಂಡಿಮನೆ. ಹೆಂಡತಿ ಬೆಲ್ಲಾ ಮಾರಾಟಕ್ಕೆ ಅಂತ ಸೆಲ್ಯುಲಾಯ್ಡ್ ಹೂ ಮಾಡಿ ರಾಶಿ ಹಾಕಿದ್ದಳು. ರಾತ್ರಿ ಕೆಲಸ ಮುಗಿಸಿ ಬಂದವನ ಕೈಯಲ್ಲಿದ್ದ ಮೋಂಬತ್ತಿಯಿಂದ ಅದಕ್ಕೆ ಬೆಂಕಿ ಹತ್ತಿತು. ಸೆಲ್ಯುಲಾಯ್ಡ್ ಅಂದರೆ ಹಳೇ ಸಿನಿಮಾ ರೀಲಿನ ಸಾಮಾನು, ಭಗ್ಗಂತ ಉರಿಯುತ್ತದೆ. ಬಲಗಾಲು, ಎಡಗೈ ಸುಟ್ಟವು. ಕಾಲು ಕತ್ತರಿಸಬೇಕು ಅಂದರು ಡಾಕ್ಟರು, ಅವನು ಒಪ್ಪಲಿಲ್ಲ. ಉಂಗುರ ಬೆರಳು, ಕಿರುಬೆರಳು ಮಡಚಿಕೊಂಡು ಹಾಗೇ ಸೆಟೆದುಹೋದವು. ಸುಮಾರು ಒಂದೂವರೆ ವರ್ಷ ಹಾಸಿಗೆ, ಊರುಗೋಲು.

ಈಗ ನಿಮ್ಮ ಪ್ರಶ್ನೆ. ಸೋಲೋ ಓಟವೆಲ್ಲ ತೋರುಬೆರಳು, ನಡುಬೆರಳು ಎರಡರಲ್ಲೇ. ಆದರೆ ಕಾರ್ಡ್ ಹಿಡಿಯುವಾಗ ಆ ಮಡಚಿದ ಬೆರಳುಗಳನ್ನು ಕೆಳಗಿನ ಎರಡು ಸಣ್ಣ ತಂತಿಗಳ ಮೇಲೆ ಒತ್ತಿ ಇಡುತ್ತಿದ್ದ. ದಪ್ಪ ತಂತಿಗೆ ಹೆಬ್ಬೆರಳು, ಗಿಟಾರ್ ಕುತ್ತಿಗೆಯ ಹಿಂದಿನಿಂದ ಸುತ್ತಿಬಂದು. ನಿಮ್ಮ ಸಿ ಕಾರ್ಡ್ ಅವನು ಹಿಡಿಯುತ್ತಲೇ ಇರಲಿಲ್ಲ. ಕೈಗೆ ಒಗ್ಗುವ ಮೂರು ನಾಲ್ಕು ಸ್ವರದ ಕಾರ್ಡ್‌ಗಳನ್ನು ಹುಡುಕಿಕೊಂಡ. ಮೈನರ್ ಸಿಕ್ಸ್ತ್ ಅನ್ನುವ ಆ ಮಬ್ಬುಮಬ್ಬು ಕಾರ್ಡ್ ಅವನ ಸಂಗೀತದ ತುಂಬ ಕೇಳುವುದು ಅದಕ್ಕೇ.

ಸೋಲೋದ ಗುಟ್ಟು ಇನ್ನೂ ಸರಳ. ನಮ್ಮಂಥವರು ಫ್ರೆಟ್‌ಬೋರ್ಡ್‌ನ, ಅಂದರೆ ಫ್ರೆಟ್ ಅನ್ನುವ ಮೆಟ್ಟಿಲುಗಳಿರುವ ಪಟ್ಟಿಯ, ಒಂದು ಜಾಗದಲ್ಲಿ ನಾಲ್ಕು ಬೆರಳು ಊರಿ ತಂತಿಯಿಂದ ತಂತಿಗೆ ಹೋಗುತ್ತೇವೆ. ಅವನು ಉದ್ದಕ್ಕೆ ಓಡುತ್ತಾನೆ. ಮೊದಲನೇ ತಂತಿಯಲ್ಲಿ 5, 8, 12ನೇ ಫ್ರೆಟ್ ಒತ್ತಿ ನೋಡಿ. ಎ, ಸಿ, ಇ. ಎ ಮೈನರ್ ಕಾರ್ಡ್ ಒಂದೇ ತಂತಿಯ ಮೇಲೆ ಮಲಗಿದೆ. ಇದಕ್ಕೆ ಎರಡು ಬೆರಳು ಧಾರಾಳ.

ವೀಣೆಮನೆ:

ನಾನು ಇಲ್ಲಿ ಬರೆಯುವುದು ಅಪರೂಪ, ಜಾಝ್ ಬಗ್ಗೆ ನನಗೆ ಗೊತ್ತಿರುವುದೂ ಅಷ್ಟಕ್ಕಷ್ಟೇ. ಆದರೆ ತಂತಿಮೀಟು ಅವರ ಮಾತು ಓದಿ ನಗು ಬಂತು.

ಮೂವತ್ತು ವರ್ಷದಿಂದ ವೀಣೆ ನುಡಿಸುತ್ತಿದ್ದೇನೆ. ಎಡಗೈಯಲ್ಲಿ ತೋರುಬೆರಳು, ನಡುಬೆರಳು. ಅಷ್ಟೇ! ಮೆಟ್ಟಿಲ ಮೇಲೆ ಉದ್ದಕ್ಕೆ ಓಡುವುದು, ಒಂದೇ ತಂತಿಯಲ್ಲಿ ಎರಡು ಸ್ಥಾಯಿ ಮುಗಿಸುವುದು ನಮಗೆ ದಿನದ ಸಾಧನೆ. ವೀಣೆ ಶೇಷಣ್ಣನವರು, ದೊರೆಸ್ವಾಮಿ ಅಯ್ಯಂಗಾರ್ಯರು ನುಡಿಸಿದ್ದೂ ಹಾಗೇ. ಯಾರೂ ಅವರನ್ನು 'ಎರಡು ಬೆರಳಿನ ಪವಾಡ' ಅಂತ ಕರೆಯಲಿಲ್ಲ.

ಹಾಗಂತ ಅವನ ಕಷ್ಟ ಸಣ್ಣದು ಅಂತಲ್ಲ. ನಮಗೆ ಕಾರ್ಡ್ ಇಲ್ಲ, ತಂತಿ ಎಳೆದು ಗಮಕ ಬರಿಸುವ ಸೌಕರ್ಯ ಇದೆ. ಅವನ ವೇಗವೂ ಬೇರೆ. ನಾನು ಹೇಳುವುದು ಇಷ್ಟೇ, ಗಿಟಾರಿನವರಿಗೆ ವಿಚಿತ್ರ ಅನ್ನಿಸುವ ಕೈ ನಮಗೆ ಗುರುತಿನ ಕೈ. 'ಮೈನರ್ ಸ್ವಿಂಗ್' ಈಗಷ್ಟೇ ಕೇಳಿದೆ. ಅವನು ಮೇಲಿಂದ ಜಾರಿಕೊಂಡು ಒಂದು ಸ್ವರಕ್ಕೆ ಬಂದು ನಿಂತು ಅದನ್ನು ನಡುಗಿಸುತ್ತಾನಲ್ಲ, ಅಲ್ಲಿ ನನ್ನ ಕೈ ತಾನಾಗಿ ಅಲುಗಿತು.

ಹಳೇರೆಕಾರ್ಡ್:

ಮೇಡಂ, ಇಷ್ಟು ವರ್ಷದಲ್ಲಿ ಜಾಂಗೊ ಬಗ್ಗೆ ಓದಿದ್ದರಲ್ಲಿ ಈ ಮಾತು ಎಲ್ಲೂ ಸಿಕ್ಕಿರಲಿಲ್ಲ. ಎದುರಿಗೇ ಇತ್ತಲ್ಲ, ನನಗ್ಯಾಕೆ ಹೊಳೆಯಲಿಲ್ಲ!

ಕುಡ್ಲದಹುಡುಗ:

ಅದೆಲ್ಲ ಸರಿ ಮಾರಾಯ್ರೆ, ಇವನನ್ನು ಫ್ರೆಂಚ್ ಗಿಟಾರಿಸ್ಟ್ ಅಂತ ಯಾಕೆ ಹೇಳುವುದು? ಹುಟ್ಟಿದ್ದು ಬೆಲ್ಜಿಯಂ ಅಲ್ವಾ?

ಪ್ಯಾರಿಸ್‌ಕನ್ನಡತಿ:

ಹುಟ್ಟಿದ್ದು ಬೆಲ್ಜಿಯಂನ ಲಿಬರ್ಶಿ ಅನ್ನೋ ಹಳ್ಳಿಯಲ್ಲಿ, 1910ರ ಜನವರಿ 23. ಅಲ್ಲಿ ಅವರ ಬಂಡಿ ನಿಂತಿತ್ತು ಅಷ್ಟೆ. ಮನೂಷ್ ಜನ, ಅಂದರೆ ರೋಮಾ ಸಮುದಾಯದ ಒಂದು ಪಂಗಡ. ಅಪ್ಪ ಅಮ್ಮ ಊರೂರು ತಿರುಗಿ ಆಟ, ವಾದ್ಯ ಅಂತ ಬದುಕುತ್ತಿದ್ದವರು. ಅವನು ಬೆಳೆದದ್ದು, ಕಲಿತದ್ದು, ದುಡಿದದ್ದು ಎಲ್ಲ ಪ್ಯಾರಿಸ್. ಹಳೇ ಕೋಟೆಗೋಡೆಯ ಹೊರಗಿನ ಖಾಲಿ ಜಾಗವನ್ನು ಇಲ್ಲಿನವರು 'ಲಾ ಜೋನ್' ಅನ್ನುತ್ತಿದ್ದರು. ಬಡವರ ಗುಡಿಸಲು, ಬಂಡಿ ಎಲ್ಲ ಅಲ್ಲೇ.

ಆದರೆ ಅವನು ಫ್ರೆಂಚ್ ಅಂತ ಫ್ರಾನ್ಸ್ ಒಪ್ಪಿತ್ತಾ ಅನ್ನೋದು ಇನ್ನೊಂದು ಪ್ರಶ್ನೆ. 1912ರಲ್ಲಿ ಇಲ್ಲಿ ಒಂದು ಕಾನೂನು ಬಂತು. ಅಲೆಮಾರಿಗಳು ಮೈಯಳತೆ, ಬೆರಳಚ್ಚು ಎಲ್ಲ ಇರುವ ಪುಸ್ತಕವೊಂದನ್ನು ಜೇಬಲ್ಲಿ ಇಟ್ಟುಕೊಂಡೇ ತಿರುಗಬೇಕು. ಊರಿಗೆ ಬಂದಾಗ, ಬಿಟ್ಟಾಗ ಠಸ್ಸೆ ಹಾಕಿಸಬೇಕು. ಈಗ ಅದೇ ದೇಶ 'ನಮ್ಮ ಜಾಂಗೊ' ಅನ್ನುತ್ತದೆ.

ಅಂದ ಹಾಗೆ ಹೆಸರಿನ ಬಗ್ಗೆ ಒಂದು ಮಾತು. ಕಾಗದದ ಮೇಲೆ ಅವನು ಜಾಂ ರೈನ್‌ಹಾರ್ಟ್. 'ಜಾಂಗೊ' ಮನೆಯ ಹೆಸರು. ರೋಮಾನಿ ಭಾಷೆಯಲ್ಲಿ 'ನಾನು ಎಚ್ಚರವಾಗುತ್ತೇನೆ' ಅಂತ ಅರ್ಥ ಹೇಳುತ್ತಾರೆ. ಆ ಭಾಷೆ ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಭಾರತದಿಂದ ಹೊರಟ ಜನರದ್ದು. ಒಂದು ಎರಡು ಮೂರಕ್ಕೆ ಯೆಕ್, ದುಯಿ, ತ್ರಿನ್. ನೀರಿಗೆ ಪಾನಿ, ಮೂಗಿಗೆ ನಾಕ್. ಹಾಗಾದರೆ 'ಜಾಂಗೊ' ಒಳಗಿರುವ ಆ 'ಜಾಗ್' ಯಾವುದು ಅಂತ ಶಿವರಾತ್ರಿ ಜಾಗರಣೆ ಮಾಡಿದವರಿಗೆ ಬಿಡಿಸಿ ಹೇಳಬೇಕಾ?

ಕುಡ್ಲದಹುಡುಗ:

ಓಹೋ! ಜಾಗರಣೆಯ ಜಾಂಗೊ. ಇದು ನನಗೆ ಸಾಕು. ಬೆಲ್ಜಿಯಂ ವಾದ ವಾಪಸ್.

ತಂತಿಮೀಟು:

1928ರಲ್ಲಿ, ಬೆಂಕಿಗೆ ಮುಂಚೆ, ಅಕಾರ್ಡಿಯನ್ ವಾದಕ ಜಾಂ ವೆಸಾದ್ ಜೊತೆ ಮೊದಲ ರೆಕಾರ್ಡ್ ಮಾಡಿದಾಗ ಲೇಬಲ್ ಮೇಲೆ ಅವನ ಹೆಸರನ್ನು 'ಜಿಯಾಂಗೊ ರೆನಾರ್' ಅಂತ ಅಚ್ಚು ಹಾಕಿದ್ದರು. ಅವನಿಗೆ ಓದು ಬರಹ ಬರುತ್ತಿರಲಿಲ್ಲ, ತಿದ್ದುವವರು ಯಾರು? ಆಗ ಅವನು ಗಿಟಾರ್ ಅಲ್ಲ, ಬ್ಯಾಂಜೋ ನುಡಿಸುತ್ತಿದ್ದ. ಡ್ಯಾನ್ಸ್ ಹಾಲ್‌ಗಳ ಮ್ಯೂಸೆತ್ ಸಂಗೀತ. ಹಳೇರೆಕಾರ್ಡ್ ಸರ್ ಹೇಳಿದ ನಾಲ್ಕು ಜಾಂಗೊಗಳಲ್ಲಿ ಇದೇ ಮೊದಲನೆಯವನು ಅಂತ ಇಟ್ಟುಕೊಳ್ಳಿ.

ಎರಡನೆಯವನು ಎಲ್ಲರಿಗೂ ಗೊತ್ತು. ಅಮೆರಿಕದ ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ರೆಕಾರ್ಡ್ ಕೇಳಿ ಜಾಝ್ ಹುಚ್ಚು ಹಿಡಿಯಿತು. 1934ರಲ್ಲಿ ಶಾಂಜ್ ಎಲಿಜೆ ಬೀದಿಯ ಕ್ಲಾರಿಜ್ ಹೋಟೆಲಲ್ಲಿ ಕೆಲಸ. ಬಿಡುವಿನಲ್ಲಿ ಸ್ತೆಫಾನ್ ಗ್ರಾಪೆಲ್ಲಿ ಪಿಟೀಲಿಗೆ ಹೊಸ ತಂತಿ ಹಾಕಿ ಶ್ರುತಿ ಮಾಡಿಕೊಳ್ಳುತ್ತಾ ಸುಮ್ನೆ ಏನೋ ನುಡಿಸಿದ. ಪರದೆ ಹಿಂದೆ ಇದ್ದ ಜಾಂಗೊ ಜೊತೆಗೂಡಿದ. ಅಲ್ಲಿಂದ ಹಾಟ್ ಕ್ಲಬ್ ಕ್ವಿಂಟೆಟ್. ಒಂದು ಪಿಟೀಲು, ಮೂರು ಗಿಟಾರ್, ಒಂದು ಡಬಲ್ ಬೇಸ್. ಡ್ರಮ್ಸ್ ಇಲ್ಲ, ತುತ್ತೂರಿ ಇಲ್ಲ. ಮೊದಲು ಎರಡೇ ಗಿಟಾರ್ ಇದ್ದದ್ದು. 'ನೀನು ಸೋಲೋ ನುಡಿಸುವಾಗ ಹಿಂದೆ ಎರಡು ಗಿಟಾರ್, ನಾನು ನುಡಿಸುವಾಗ ಒಂದೇ' ಅಂತ ಜಾಂಗೊ ಮುಖ ಸಣ್ಣ ಮಾಡಿಕೊಂಡನಂತೆ. ಅದಕ್ಕೆ ತಮ್ಮ ಜೋಸೆಫ್‌ನನ್ನು ಸೇರಿಸಿದರು. ನಮ್ಮ ಪಕ್ಕವಾದ್ಯದ ಜಗಳಗಳ ಹಾಗೇ.

ಡ್ರಮ್ಸ್ ಕೆಲಸ ಗಿಟಾರೇ ಮಾಡಬೇಕಿತ್ತು. ಅದೇ 'ಲಾ ಪೋಂಪ್', ಅಂದರೆ ಪಂಪ್ ಹೊಡೆದ ಹಾಗೆ. ಒಂದು ಮತ್ತು ಮೂರನೇ ಎಣಿಕೆಗೆ ದಪ್ಪ ತಂತಿಗಳ ಮೇಲೆ ಹಗುರ ಪೆಟ್ಟು. ಎರಡು, ನಾಲ್ಕಕ್ಕೆ ಎಲ್ಲ ತಂತಿಗೂ ಬೀಸಿ ಹೊಡೆದು ತಕ್ಷಣ ಎಡಗೈ ಸಡಿಲ ಬಿಡಬೇಕು, ದನಿ ಅಲ್ಲೇ ಕತ್ತರಿಸಬೇಕು. ಗಡಿಬಿಡಿ, ಬೆರಳು ವಾಸಿ ಆಗುವವರೆಗೆ ಇದನ್ನು ಅಭ್ಯಾಸ ಮಾಡಿ. ಬಲಗೈಗೆ ಏನೂ ಆಗಿಲ್ಲವಲ್ಲ. 'ಮೈನರ್ ಸ್ವಿಂಗ್'ಗೆ ಎ ಮೈನರ್, ಡಿ ಮೈನರ್, ಇ ಸೆವೆನ್ ಬಂದರೆ ಬಹುಪಾಲು ಆಯಿತು.

ಇತಿಹಾಸಮೇಷ್ಟ್ರು:

ಮೂರನೇ ಜಾಂಗೊ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ಅಲ್ಲಿ ಸಂಗೀತಕ್ಕಿಂತ ದೊಡ್ಡದೇನೋ ಇದೆ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ಕ್ವಿಂಟೆಟ್ ಲಂಡನ್ನಿನಲ್ಲಿತ್ತು. ಗ್ರಾಪೆಲ್ಲಿ ಅಲ್ಲೇ ಉಳಿದ. ಜಾಂಗೊ ಪ್ಯಾರಿಸ್‌ಗೆ ವಾಪಸ್ ಓಡಿಬಂದ. ಈಗ ಯೋಚಿಸಿ, ಯಾರು ಎಲ್ಲಿಗೆ ಓಡಿಬಂದದ್ದು! ನಾಜಿಗಳು ಯುರೋಪಿನ ಉದ್ದಕ್ಕೂ ಲಕ್ಷಗಟ್ಟಲೆ ರೋಮಾ ಜನರನ್ನು ಕೊಂದರು. ಫ್ರಾನ್ಸಿನಲ್ಲಿ ಜರ್ಮನ್ನರು ಬರುವ ಮೊದಲೇ, 1940ರ ಏಪ್ರಿಲ್ 6ರಂದು, ಅಲೆಮಾರಿಗಳು ತಿರುಗಾಡಬಾರದು ಅಂತ ಫ್ರೆಂಚ್ ಸರ್ಕಾರವೇ ಆದೇಶ ಹೊರಡಿಸಿತ್ತು. ಮೊಂತ್ರಯ್ ಬೆಲ್ಲೆಯಂಥ ಶಿಬಿರಗಳಲ್ಲಿ ಕುಟುಂಬ ಕುಟುಂಬವನ್ನೇ ಕೂಡಿ ಹಾಕಿದರು. ಯುದ್ಧ ಮುಗಿದರೂ ಕೆಲವರನ್ನು 1946ರವರೆಗೆ ಬಿಡಲಿಲ್ಲ. ಇದರಲ್ಲಿ ತನ್ನ ಪಾಲಿದೆ ಅಂತ ಫ್ರಾನ್ಸಿನ ಅಧ್ಯಕ್ಷರು ಒಪ್ಪಿಕೊಂಡದ್ದು 2016ರಲ್ಲಿ.

ಅದೇ ದಿನಗಳಲ್ಲಿ ಅದೇ ಸಮುದಾಯದ ಒಬ್ಬ ಮನುಷ್ಯ ಪ್ಯಾರಿಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡ ತಾರೆ. 1940ರ ಡಿಸೆಂಬರ್ 13ರಂದು 'ನ್ಯುಆಜ್' ರೆಕಾರ್ಡ್ ಮಾಡಿದ. ಮೋಡಗಳು ಅಂತ ಅರ್ಥ. ಪಿಟೀಲಿನ ಜಾಗದಲ್ಲಿ ಕ್ಲಾರಿನೆಟ್. ಜನ ಅದನ್ನು ಎಷ್ಟು ಹಚ್ಚಿಕೊಂಡರೆಂದರೆ ಹಾಡುವಂತಿಲ್ಲದ ರಾಷ್ಟ್ರಗೀತೆಯ ಜಾಗದಲ್ಲಿ ಇದನ್ನು ಗುನುಗುತ್ತಿದ್ದರು ಅನ್ನುತ್ತಾರೆ.

ಕುಡ್ಲದಹುಡುಗ:

ಮೇಷ್ಟ್ರೇ, ಒಂದು ಕಹಿ ಪ್ರಶ್ನೆ. ಅವನ ಜನ ಶಿಬಿರದಲ್ಲಿರುವಾಗ ಇವನು ಜರ್ಮನ್ ಅಧಿಕಾರಿಗಳು ಕೂತ ಸಭೆಯಲ್ಲಿ ನುಡಿಸಿದ ಹಾಗಾಯಿತಲ್ಲ?

ಇತಿಹಾಸಮೇಷ್ಟ್ರು:

ಆಯಿತು. ನುಡಿಸಿದ. ಜರ್ಮನ್ ವಾಯುಸೇನೆಯಲ್ಲೇ ಜಾಝ್ ಪ್ರೇಮಿಗಳಿದ್ದರು. ಡೀಟ್ರಿಶ್ ಶುಲ್ಟ್ಸ್ ಕ್ಯೋನ್ ಅನ್ನುವ ಅಧಿಕಾರಿಯನ್ನು 'ಡಾಕ್ಟರ್ ಜಾಝ್' ಅಂತಲೇ ಕರೆಯುತ್ತಿದ್ದರು. ಅಂಥವರ ಕಣ್ಣಳತೆಯಲ್ಲಿ ಇವನು ಉಳಿದುಕೊಂಡ.

ಆದರೆ ನೆಮ್ಮದಿಯಿಂದ ಇದ್ದ ಅಂದುಕೊಳ್ಳಬೇಡಿ. 1943ರಲ್ಲಿ ಎರಡನೇ ಹೆಂಡತಿ ನಾಗಿನ್ ಬಸುರಿಯಾಗಿದ್ದಾಗ ಸ್ವಿಟ್ಜರ್ಲೆಂಡಿಗೆ ಓಡಿಹೋಗಲು ನೋಡಿದ. ಗಡಿಯಲ್ಲಿ ಸಿಕ್ಕಿಬಿದ್ದ. ಅಲ್ಲಿನ ಜರ್ಮನ್ ಅಧಿಕಾರಿ ಅವನ ಅಭಿಮಾನಿಯಾಗಿದ್ದನಂತೆ, ಬಿಟ್ಟು ಕಳಿಸಿದ. ಇನ್ನೊಂದು ಸಲ ಹೋದಾಗ ಸ್ವಿಸ್ ಕಾವಲುಗಾರರೇ ವಾಪಸ್ ಅಟ್ಟಿದರು. 1944ರ ಜೂನ್‌ನಲ್ಲಿ ಮಗ ಬಾಬಿಕ್ ಹುಟ್ಟಿದ್ದು ಪ್ಯಾರಿಸ್ಸಿನಲ್ಲೇ. ಅವನನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ನುಡಿಸುವುದನ್ನು ನಿಲ್ಲಿಸಿದ್ದರೆ ಅವನೂ ಬರೀ ಒಬ್ಬ ಅಲೆಮಾರಿ, ಜೇಬಲ್ಲಿ ಬೆರಳಚ್ಚಿನ ಪುಸ್ತಕ.

ಕುಡ್ಲದಹುಡುಗ:

ಹ್ಞೂಂ. ಕೇಳಿದ್ದು ತಪ್ಪಾಯಿತು ಅನ್ನುವುದಿಲ್ಲ, ಆದರೆ ಉತ್ತರ ಸರಿ ಇದೆ.

ಹಳೇರೆಕಾರ್ಡ್:

ಇನ್ನು ಅಮೆರಿಕ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ನನಗೆ ಬೇಜಾರಾಗುವ ಭಾಗ. 1946ರ ನವೆಂಬರ್‌ನಲ್ಲಿ ಅಲ್ಲಿನ ದೊಡ್ಡ ಜಾಝ್ ಮೇಳದ ನಾಯಕ ಡ್ಯೂಕ್ ಎಲಿಂಗ್ಟನ್ ಜೊತೆ ಪ್ರವಾಸ. ಇವನು ತನ್ನ ಸೆಲ್ಮರ್ ಕಂಪನಿಯ ಗಿಟಾರ್ ಮನೆಯಲ್ಲೇ ಬಿಟ್ಟು ಬರಿಗೈಲಿ ಹೋದ. ಅಮೆರಿಕದ ಕಂಪನಿಗಳು ಗಿಟಾರ್ ಹಿಡಿದುಕೊಂಡು ಸಾಲು ನಿಂತಿರುತ್ತವೆ ಅಂದುಕೊಂಡಿದ್ದ. ಯಾರೂ ಇರಲಿಲ್ಲ. ಒಗ್ಗದ ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಬೇಕಾಯಿತು. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಎರಡು ರಾತ್ರಿ, 23 ಮತ್ತು 24. ಎರಡನೇ ರಾತ್ರಿ ಬಾಕ್ಸರ್ ಮಾರ್ಸೆಲ್ ಸೆರ್ದಾನ್ ಸಿಕ್ಕಿದ ಅಂತ ಹರಟೆಗೆ ಕೂತು ಕಛೇರಿ ಮುಗಿಯುವ ಹೊತ್ತಿಗೆ ಬಂದನಂತೆ. 1947ರ ಫೆಬ್ರವರಿಗೆ ವಾಪಸ್.

ಎಲ್ಲರೂ ಇದನ್ನು ಸೋಲು ಅಂತ ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಗ್ಗದ ಆ ಎಲೆಕ್ಟ್ರಿಕ್ ಗಿಟಾರನ್ನು ಅವನು ಬಂದಮೇಲೂ ಬಿಡಲಿಲ್ಲ. ಬಿಬಾಪ್ ಅನ್ನುವ ಹೊಸ ಜಾಝ್ ಬಂದಿತ್ತು. 1951ರಲ್ಲಿ ಕ್ಲಬ್ ಸೆಂ ಜೆರ್ಮೆಂನಲ್ಲಿ ತನಗಿಂತ ಎಷ್ಟೋ ಚಿಕ್ಕ ಹುಡುಗರ ಜೊತೆ ಕೂತು ಅದನ್ನೇ ನುಡಿಸಿದ. ನಾಲ್ಕನೇ ಜಾಂಗೊ ಅವನು.

ತಂತಿಮೀಟು:

ಇಲ್ಲಿ ಮಾತ್ರ ನಾನು ಒಪ್ಪುವುದಿಲ್ಲ ಸರ್. 1947ರ ಎಲೆಕ್ಟ್ರಿಕ್ ರೆಕಾರ್ಡಿಂಗ್ ಕೇಳಿದ್ದೀರಾ? ಆಂಪ್ಲಿಫೈಯರ್ ಗರಗರ ಅನ್ನುತ್ತದೆ, ಸ್ವರ ಒಡೆದುಹೋಗಿದೆ. ಸೆಲ್ಮರ್ ಗಿಟಾರಿನ ಆ ಒಣ, ಚುರುಕು ದನಿ ಎಲ್ಲಿ? ತೆಂಗಿನ ಚಿಪ್ಪಿನ ಮೇಲೆ ಕಡ್ಡಿಯಿಂದ ಹೊಡೆದ ಹಾಗೆ ಪ್ರತಿ ಸ್ವರ ಬಿಡಿಬಿಡಿ. ಎಲೆಕ್ಟ್ರಿಕ್‌ನಲ್ಲಿ ಅವನು ಹತ್ತು ಜನರಲ್ಲಿ ಒಬ್ಬ.

ಹಳೇರೆಕಾರ್ಡ್:

1947 ಬಿಡಿ, ಅದರ ಪರ ನಾನೂ ನಿಲ್ಲುವುದಿಲ್ಲ. ಒಂದು ಕೆಲಸ ಮಾಡಿ. 'ಮನ್ವಾರ್ ದ ಮೇ ರೇವ್' ಅಂತ ಅವನದೇ ರಚನೆ, ನನ್ನ ಕನಸಿನ ಬಂಗಲೆ ಅಂತ ಅರ್ಥ. 1943ರದ್ದು ಮೊದಲು ಕೇಳಿ, ಆಮೇಲೆ 1953ರ ಮಾರ್ಚ್‌ನಲ್ಲಿ ಮೊರಿಸ್ ವಾಂದೆ ಪಿಯಾನೋ ಜೊತೆ ನುಡಿಸಿದ್ದು. ಹೆಡ್‌ಫೋನ್ ಹಾಕಿಕೊಂಡು, ದೀಪ ಆರಿಸಿ. ಆಮೇಲೆ ಬಂದು ಬೈಯಿರಿ.

ಪ್ಯಾರಿಸ್‌ಕನ್ನಡತಿ:

ನೀವಿಬ್ಬರೂ ಜಗಳ ಆಡುತ್ತಿರಿ, ನಾನು ಆ ಗಿಟಾರ್ ನೋಡಿದ್ದನ್ನು ಹೇಳುತ್ತೇನೆ. ಸೆಲ್ಮರ್, ನಂಬರ್ 503. ಅವನು ಹೋದಮೇಲೆ 1964ರಲ್ಲಿ ನಾಗಿನ್ ಅದನ್ನು ದಾನ ಕೊಟ್ಟಳು. ಈಗ ಇಲ್ಲಿನ ಸಂಗೀತ ಮ್ಯೂಸಿಯಂನಲ್ಲಿದೆ. ನಾನು ನೋಡಿದಾಗ ಗಾಜಿನ ಹಿಂದೆ ಇತ್ತು. ದನಿಗಿಂಡಿ ಮೊಟ್ಟೆಯಾಕಾರದ್ದು, ಸಣ್ಣದು. ಈ ಮಾದರಿ ಗಿಟಾರಿನ ಮೂಲ ರೂಪ ಕೊಟ್ಟವನು ಮಾರಿಯೊ ಮಕಾಫೆರಿ ಅನ್ನುವ ಇಟಲಿಯವನು, 1932ರಲ್ಲಿ. ಆಮೇಲೆ ಅಮೆರಿಕಕ್ಕೆ ಹೋಗಿ ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಕ್ಲಿಪ್ ಮಾಡಿ ದುಡ್ಡು ಮಾಡಿದನಂತೆ. ನನ್ನ ಬಾಲ್ಕನಿಯ ಕ್ಲಿಪ್ ನೋಡಿದಾಗಲೆಲ್ಲ ನೆನಪಾಗುತ್ತದೆ.

ಸಾಮ್ವಾಗೂ ಹೋಗಿದ್ದೆ. ಸೆನ್ ನದಿ ದಂಡೆಯ ಸಣ್ಣ ಊರು. 1951ರಿಂದ ಅವನು ಇದ್ದದ್ದು ಅಲ್ಲಿ. ಮೀನು ಹಿಡಿಯುವುದು, ಬಿಲಿಯರ್ಡ್ಸ್, ಚಿತ್ರ ಬರೆಯುವುದು. 1953ರ ಮೇ 16, ಶನಿವಾರ, ಆವೋಂ ರೈಲು ನಿಲ್ದಾಣದಿಂದ ನಡೆದು ಬಂದು ಮನೆ ಹತ್ತಿರವೇ ಕುಸಿದುಬಿದ್ದ. ಮೆದುಳಿನಲ್ಲಿ ರಕ್ತಸ್ರಾವ. ಗೋರಿ ಆ ಊರಲ್ಲೇ ಇದೆ.

ಗಡಿಬಿಡಿ:

ಈಗ ಬದುಕಿರುವ ಫ್ರೆಂಚ್ ಜಾಝ್ ಗಿಟಾರಿಸ್ಟ್ ಒಬ್ಬರ ಹೆಸರು ಹೇಳಿ, ಅವರನ್ನೂ ಕೇಳುತ್ತೇನೆ.

ತಂತಿಮೀಟು:

ಬಿರೆಲಿ ಲಾಗ್ರೆನ್. 1966ರಲ್ಲಿ ಹುಟ್ಟಿದ್ದು, ಅಲ್ಸಾಸ್ ಪ್ರಾಂತ್ಯದ ಸುಫ್ಲೆನೈಮ್. ಅವನೂ ಮನೂಷ್. ಮೊದಲ ಆಲ್ಬಂ 1980ರಲ್ಲಿ, ಪೂರ್ತಿ ಜಾಂಗೊ ಶೈಲಿ. ಆಗಿನ್ನೂ ಮೀಸೆ ಬಂದಿರಲಿಲ್ಲ. ಎಲ್ಲರೂ 'ಮರಿ ಜಾಂಗೊ' ಅಂದು ಅಂದು ಅವನಿಗೆ ಸಾಕಾಗಿಹೋಯಿತು. ಎಲೆಕ್ಟ್ರಿಕ್ ಗಿಟಾರ್ ಹಿಡಿದ, 1986ರಲ್ಲಿ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಜೊತೆ ತಿರುಗಿದ. 2001ರಲ್ಲಿ 'ಜಿಪ್ಸಿ ಪ್ರಾಜೆಕ್ಟ್' ಅಂತ ಮತ್ತೆ ಹಳೇ ದಾರಿಗೆ ಬಂದ. ಬೆರಳು ನಾಲ್ಕೂ ಚೆನ್ನಾಗಿವೆ!

ವೀಣೆಮನೆ:

ಗ್ರಾಪೆಲ್ಲಿ ಹೆಸರು ಎಲ್ಲೋ ಕೇಳಿದ್ದೇನಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದೆ, ಈಗ ನೆನಪಾಯಿತು. ನಮ್ಮ ಬೆಂಗಳೂರಿನಲ್ಲಿರುವ ಪಿಟೀಲು ವಿದ್ವಾಂಸರು ಎಲ್. ಸುಬ್ರಮಣ್ಯಂ ಅವರ ಜೊತೆ 1980ರ ದಶಕದಲ್ಲಿ 'ಕಾನ್ವರ್ಸೇಷನ್ಸ್' ಅಂತ ಆಲ್ಬಂ ಮಾಡಿದ್ದು ಅವರೇ. ಕ್ಯಾಸೆಟ್ ನಮ್ಮ ಮನೆಯಲ್ಲಿತ್ತು. ಜಾಂಗೊ ಹೋಗಿ ನಲವತ್ತು ವರ್ಷಕ್ಕೂ ಜಾಸ್ತಿ ಬದುಕಿದ್ದರು ಗ್ರಾಪೆಲ್ಲಿ, 1997ರವರೆಗೆ.

ತಂತಿಮೀಟು:

ಸರ್, ರಾತ್ರಿ ದೀಪ ಆರಿಸಿ ಎರಡೂ 'ಮನ್ವಾರ್' ಕೇಳಿದೆ. 1943ರದ್ದೇ ನನಗೆ ಇಷ್ಟ, ಅದರಲ್ಲಿ ಬದಲಾವಣೆ ಇಲ್ಲ. ಆದರೆ 1953ರದ್ದು ಮೂರು ಸಲ ಕೇಳಿದೆ ಅನ್ನೋದನ್ನೂ ಹೇಳಬೇಕು.

ಹಳೇರೆಕಾರ್ಡ್:

ನಾಲ್ಕನೇ ಸಲಕ್ಕೆ ಕಾಯುತ್ತೇನೆ.

ಗಡಿಬಿಡಿ:

ಇವತ್ತು ಹೊಲಿಗೆ ಬಿಚ್ಚಿದರು. ಇನ್ನೂ ಒಂದು ವಾರ ತಂತಿ ಒತ್ತಬೇಡ ಅಂದಿದ್ದಾರೆ. ಲಾ ಪೋಂಪ್ ಹೊಡೆದು ಹೊಡೆದು ಮನೆಯವರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಒಂದು ಡೌಟು, ಎರಡನೇ ಎಣಿಕೆಗೆ ಕತ್ತರಿಸುವಾಗ ನನ್ನದು 'ಛಟ್' ಅನ್ನುವ ಬದಲು 'ಛಡಕ್' ಅನ್ನುತ್ತದೆ. ತಂತಿ ಮೀಟುವ ಪಿಕ್ ತೆಳ್ಳಗಿದೆಯಾ, ಅಥವಾ ಎಡಗೈ ತಡವಾಗಿ ಬಿಡುತ್ತಿದ್ದೇನಾ?

ತಂತಿಮೀಟು:

ಎರಡೂ. ಮೊದಲು ದಪ್ಪ ಪಿಕ್ ತಗೊಳ್ಳಿ.